ಜಡ್ಜ್ ಸಾಹೇಬರು ಮಾತಾಡುವಂತಿಲ್ಲ, ವಕೀಲರು ಮಾತಾಡಬಹುದೇ?

ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ವಿಷಯ ಮತ್ತೆ ಮತ್ತೆ ಎದುರಾಯಿತು. ಅವನ್ನೆಲ್ಲ ಒಟ್ಟಿಗೆ ಕೊಟ್ಟಿದ್ದೇವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಒಬ್ಬ ಆರೋಪಿಗೆ ಜಾಮೀನು ಸಿಕ್ಕ ಮರುದಿನವೇ "ಜಡ್ಜ್ ಕೈ ಬಿಸಿ ಆಗೇತಿ" ಅಂತ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಸಾಹೇಬರು ಒಂದು ಮಾತೂ ಆಡಲಿಲ್ಲ. ನಾನು ಏನಾದರೂ ಬರೆಯಬೇಕು ಅಂದರೆ ನಮ್ಮ ಸೀನಿಯರ್ "ಸುಮ್ನಿರಪ್ಪಾ, ನ್ಯಾಯಾಂಗ ನಿಂದನೆ ಆಗ್ತದ" ಅನ್ನುತ್ತಾರೆ. ಸುಮ್ಮನಿರಬೇಕೇ? (ಕಿರಿಯ ವಕೀಲರು, ಸಿಂಧನೂರು)

ಸುಮ್ಮನಿರಬೇಡಿ. ಸಾಹೇಬರು ಮಾತಾಡದೆ ಇರುವುದು ಅವರಿಗೆ ಹೇಳಲು ಏನೂ ಇಲ್ಲದ್ದಕ್ಕಲ್ಲ, ಅವರು ಮಾತಾಡುವಂತಿಲ್ಲ. ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಸೇರಿ 1997ರ ಮೇ 7ರಂದು ಒಪ್ಪಿದ ನಡವಳಿಕೆಯ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ: ನ್ಯಾಯಾಧೀಶರ ಪರವಾಗಿ ಅವರ ತೀರ್ಪೇ ಮಾತಾಡಬೇಕು, ಅವರು ಮಾಧ್ಯಮಕ್ಕೆ ಸಂದರ್ಶನ ಕೊಡಬಾರದು. ತಾಲ್ಲೂಕು, ಜಿಲ್ಲಾ ನ್ಯಾಯಾಧೀಶರು ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನ ಹಿಡಿತದಲ್ಲಿರುವವರು, ಅವರ ಬಾಯಿ ಇನ್ನಷ್ಟು ಕಟ್ಟಿದೆ. ಶಾಸಕರ ಮೇಲೆ ಆರೋಪ ಬಂದರೆ ಸಂಜೆಯೊಳಗೆ ಪತ್ರಿಕಾಗೋಷ್ಠಿ ನಡೆಯುತ್ತದೆ. ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ನ್ಯಾಯಾಧೀಶರಿಗೆ ಆ ದಾರಿ ಇಲ್ಲ. ಆದೇಶ ಓದಿ ಅರ್ಥ ಮಾಡಿಕೊಳ್ಳಬಲ್ಲ, ಊರಿನ ಜನರಿಗೆ ಅವರದೇ ಮಾತಿನಲ್ಲಿ ತಿಳಿಸಬಲ್ಲ ಇನ್ನೊಂದು ವರ್ಗವೆಂದರೆ ವಕೀಲರದೇ.

ನಿಮ್ಮ ಸೀನಿಯರ್ ಹೇಳುವ ಭಯದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನ್ಯಾಯಾಲಯವನ್ನು ಸಮರ್ಥಿಸಿದ್ದಕ್ಕೆ ನಿಂದನೆ ಆಗುವುದಿಲ್ಲ. ತೊಂದರೆ ಬರುವುದು ಸಮರ್ಥಿಸುವ ಭರದಲ್ಲಿ ಬಾಕಿ ಇರುವ ಪ್ರಕರಣದ ಸಾಕ್ಷ್ಯದ ಬಗ್ಗೆ ತೀರ್ಮಾನ ಹೇಳಿಬಿಟ್ಟಾಗ, ಇಲ್ಲವೇ ಮೇಲಿನ ನ್ಯಾಯಾಲಯದ ಮೇಲೆ ದುರುದ್ದೇಶ ಹೊರಿಸಿದಾಗ.

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೊದಲ ಕೆಲಸ, ಆದೇಶ ಓದುವುದು. ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಗುರುತು, ಅಂದರೆ ಸಿಎನ್‌ಆರ್ ಸಂಖ್ಯೆ, ಹಾಕಿದರೆ ಇ-ಕೋರ್ಟ್ಸ್ ತಾಣದಲ್ಲಿ ಪ್ರಕರಣದ ಸ್ಥಿತಿ ಸಿಗುತ್ತದೆ, ಆದೇಶ ಏರಿಸಿದ್ದರೆ ಅದೂ ಸಿಗುತ್ತದೆ. ಇಲ್ಲದಿದ್ದರೆ ನಕಲು ವಿಭಾಗದಲ್ಲಿ ಅರ್ಜಿ ಹಾಕಿ. ಪ್ರತಿ ಕೈಗೆ ಬರುವವರೆಗೆ ಒಂದಕ್ಷರವನ್ನೂ ಬರೆಯಬೇಡಿ. ಕೋರ್ಟ್ ಹಾಲಿನಲ್ಲಿ ಕೇಳಿದ್ದು, ಟೈಪಿಸ್ಟ್ ಹೇಳಿದ್ದು, ಎದುರು ವಕೀಲರು ಹೇಳಿದ್ದು ಯಾವುದೂ ಆದೇಶವಲ್ಲ.

ಓದಿದಾಗ ಹಲವು ಸಲ ಸಂಗತಿ ಬೇರೆಯೇ ಇರುತ್ತದೆ. ಜನ ಬೈಯುವ ಜಾಮೀನುಗಳಲ್ಲಿ ಒಂದು ಬಗೆ, ವಕೀಲರು ಡಿಫಾಲ್ಟ್ ಬೇಲ್ ಎನ್ನುವುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187(3)ರಂತೆ ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ತನಿಖೆ ಮುಗಿಯದಿದ್ದರೆ, ಜಾಮೀನು ಕೊಡಲು ಸಿದ್ಧನಿರುವ ಆರೋಪಿಯನ್ನು ಬಿಡಲೇಬೇಕು. ಅಲ್ಲಿ ನ್ಯಾಯಾಧೀಶರಿಗೆ ಆಯ್ಕೆಯೇ ಇಲ್ಲ. ಚಾರ್ಜ್‌ಶೀಟ್ ತಡವಾಗಿದ್ದು ಪೊಲೀಸರಿಂದ, ಬೈಗುಳ ಬಿದ್ದದ್ದು ಜಡ್ಜ್ ಸಾಹೇಬರಿಗೆ.

ಬರೆಯುವಾಗ ಮೂರು ವಾಕ್ಯ ಸಾಕು. ಯಾವ ದಿನಾಂಕದ ಆದೇಶ, ಯಾವ ಕಲಮಿನಡಿ ಎಂಬುದು ಒಂದು. ಆ ಕಲಮು ಏನು ಹೇಳುತ್ತದೆ ಎಂಬುದು ಎರಡು. ಒಪ್ಪದವರು ಎಲ್ಲಿಗೆ ಹೋಗಬಹುದು ಎಂಬುದು ಮೂರು. ಇಲ್ಲಿ ಅದು ಜಾಮೀನು ರದ್ದತಿಗೆ ಅದೇ ಸಂಹಿತೆಯ 483(3)ರಡಿ ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟ್. ಈ ಮೂರನೆಯದನ್ನು ಮರೆತರೆ ನಿಮ್ಮ ಬರಹ ಜನರಿಗೆ "ಬಾಯಿ ಮುಚ್ಚಿಕೊಂಡಿರಿ" ಎಂದಂತೆ ಕೇಳುತ್ತದೆ. ಸಿಟ್ಟಾದವರಿಗೆ ದಾರಿ ತೋರಿಸಿದಾಗಲೇ ಅವರು ಉಳಿದದ್ದನ್ನು ಓದುವುದು.

"ಈ ಸಾಹೇಬರು ಬಹಳ ಪ್ರಾಮಾಣಿಕರು, ನಾನು ಬಲ್ಲೆ" ಎಂದು ಮಾತ್ರ ಬರೆಯಬೇಡಿ. ಅದು ನಿಮಗೆ ಗೊತ್ತಿರಲು ಸಾಧ್ಯವಿಲ್ಲ, ಮತ್ತು ಅದು ಅವರ ಮುಂದೆ ನಿತ್ಯ ನಿಲ್ಲುವ ವಕೀಲರ ಓಲೈಕೆಯಂತೆ ಕಾಣುತ್ತದೆ. ನಾಳೆ ಇಲಾಖಾ ವಿಚಾರಣೆ ಏನಾದರೂ ಬಂದರೆ ನಿಮ್ಮ ಮಾತಿನ ಜೊತೆ ನ್ಯಾಯಾಲಯದ ಮೇಲಿನ ನಂಬಿಕೆಯೂ ಬೀಳುತ್ತದೆ. ನೀವು ಕಾಯಬೇಕಾದದ್ದು ಯಾರಿಗೂ ಅಂಜದೆ ತೀರ್ಪು ಬರೆಯುವ ಅಧಿಕಾರವನ್ನು. ಆ ಕುರ್ಚಿಯಲ್ಲಿ ಇಂದು ಕುಳಿತವರ ಗುಣಗಾನ ಬೇರೆ ಮಾತು.

ಪ್ರಶ್ನೆ: ನಾನೇ ವಕಾಲತ್ತು ಹಾಕಿದ ಪ್ರಕರಣದ ತೀರ್ಪಿನ ಬಗ್ಗೆ ಟಿವಿಯವರು ಬೈಟ್ ಕೇಳುತ್ತಾರೆ. ಕೋರ್ಟ್ ಗೇಟಿನ ಹತ್ತಿರ ಗೌನಿನಲ್ಲೇ ನಿಂತು ಕೊಟ್ಟರೆ ತಪ್ಪೇನು? (ವಕೀಲರು, ಬಳ್ಳಾರಿ)

ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36 ಕೆಲಸ ಹುಡುಕುವ ಪ್ರಚಾರವನ್ನು ತಡೆಯುತ್ತದೆ. ತಾನು ತೊಡಗಿಕೊಂಡ ಪ್ರಕರಣದ ಬಗ್ಗೆ ಪತ್ರಿಕೆಗೆ ಟಿಪ್ಪಣಿ ಒದಗಿಸುವುದು, ಬೇರೆಯವರಿಂದ ಬರೆಸುವುದು, ಫೋಟೊ ಹಾಕಿಸುವುದು ಇವೆಲ್ಲ ಅದರಲ್ಲೇ ಹೆಸರು ಹಿಡಿದು ಸೇರಿವೆ. ಇನ್ನು ಬ್ಯಾಂಡು, ಗೌನು: ನ್ಯಾಯಾಲಯದ ಹೊರಗೆ ಸಾರ್ವಜನಿಕ ಸ್ಥಳದಲ್ಲಿ, ಗೊತ್ತುಪಡಿಸಿದ ಸಮಾರಂಭಗಳ ಹೊರತು, ಧರಿಸಬಾರದು ಎಂದು ಬೇರೆ ನಿಯಮವೇ ಇದೆ. ಕ್ಯಾಮೆರಾ ಮುಂದೆ ಗೌನು ಚೆನ್ನಾಗಿ ಕಾಣುತ್ತದೆಂದೇ ಚಾನೆಲ್‌ನವರು ಕೇಳುತ್ತಾರೆ. ಕೊಡಬೇಡಿ.

ಅದರ ಮೇಲೆ, ಕಕ್ಷಿದಾರ ನಿಮ್ಮ ಬಳಿ ಹೇಳಿಕೊಂಡದ್ದು ಭಾರತೀಯ ಸಾಕ್ಷ್ಯ ಅಧಿನಿಯಮದ 132ರಂತೆ ಗುಟ್ಟು. ಬೈಟ್ ಕೊಡುವ ಹುರುಪಿನಲ್ಲಿ "ನಮ್ಮ ಕಕ್ಷಿದಾರ ಆವತ್ತು ಅಲ್ಲಿ ಇದ್ದರು, ಆದರೆ..." ಎಂದು ಬಾಯಿ ಜಾರಿದರೆ ಅದನ್ನು ಯಾರೂ ವಾಪಸ್ ತರಲಾರರು.

ದಾರಿ ಸರಳ. ನಿಮ್ಮ ಪ್ರಕರಣದ ಬಗ್ಗೆ ನೀವು ಹೇಳಬೇಕಾದದ್ದು, "ಮೇಲ್ಮನವಿ ಹಾಕುತ್ತೇವೆ" ಅಥವಾ "ತೀರ್ಪಿನ ಪ್ರತಿ ಓದಿ ಮುಂದಿನ ಹೆಜ್ಜೆ" ಎಂಬಷ್ಟೇ. ತೀರ್ಪಿನ ಕಾನೂನು ವಿವರಣೆಯನ್ನು ಆ ಪ್ರಕರಣಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬ ವಕೀಲರು ಮಾಡಲಿ. ಗೆದ್ದವರು ನ್ಯಾಯಾಲಯವನ್ನು ಹೊಗಳಿದರೂ ಸೋತವರು ತೆಗಳಿದರೂ ಕೇಳುವವರಿಗೆ ಅದು ಫೀಸಿನ ಮಾತಾಗಿಯೇ ಕೇಳುತ್ತದೆ.

ಪ್ರಶ್ನೆ: ತೀರ್ಪನ್ನು ಟೀಕಿಸುವುದೇ ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಒಬ್ಬರು ಹಿರಿಯರು ಭಾಷಣದಲ್ಲಿ ಹೇಳಿದರು. ಮರಕುಂಬಿ ತೀರ್ಪು ಬಂದಾಗ ನಮ್ಮ ಕಡೆ ಪರ-ವಿರೋಧ ಎರಡೂ ಬಹಳ ಮಾತು ನಡೆಯಿತು. ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು? (ಕಾನೂನು ವಿದ್ಯಾರ್ಥಿನಿ, ಗಂಗಾವತಿ)

ಆ ಹಿರಿಯರ ಮಾತನ್ನು ನಾವು ಒಪ್ಪುವುದಿಲ್ಲ ಮೇಡಂ. ಟೀಕೆಯನ್ನೂ ದಾಳಿಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಕೊನೆಗೆ ನಿಜವಾದ ದಾಳಿ ನಡೆದಾಗ ವಕೀಲರ ಮಾತಿಗೆ ತೂಕವೇ ಇರುವುದಿಲ್ಲ.

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಜಬಲ್‌ಪುರ ಪ್ರಕರಣದಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂದಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು, ಮರುವರ್ಷ ಜನವರಿಯಲ್ಲಿ ಅವರ ಹಿರಿತನ ಬದಿಗಿಟ್ಟು ಇನ್ನೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಆ ಬಹುಮತದ ತೀರ್ಪನ್ನು ವಕೀಲರು ದಶಕಗಳ ಕಾಲ ಬಿಡದೆ ಟೀಕಿಸಿದರು. 2017ರ ಆಗಸ್ಟ್ 24ರಂದು ಖಾಸಗಿತನದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಅದನ್ನು ತಳ್ಳಿಹಾಕಿತು. ಆ ತೀರ್ಪನ್ನು ಟೀಕಿಸಿದವರೂ ಖನ್ನಾ ಅವರಿಗಾದ ಅನ್ಯಾಯವನ್ನು ಎತ್ತಿ ಹೇಳಿದವರೂ ಬಹಳ ಮಟ್ಟಿಗೆ ಒಬ್ಬರೇ. ಎರಡರಲ್ಲೂ ಅವರು ನ್ಯಾಯಾಂಗದ ಪರವಾಗಿಯೇ ನಿಂತಿದ್ದರು.

ಕಾನೂನೂ ಹೀಗೇ ಇದೆ. 1971ರ ನ್ಯಾಯಾಲಯ ನಿಂದನೆ ಅಧಿನಿಯಮದ 5ನೇ ಕಲಮು ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಗುಣದೋಷದ ಬಗ್ಗೆ ನ್ಯಾಯಯುತ ಟಿಪ್ಪಣಿ ನಿಂದನೆಯಲ್ಲ ಎನ್ನುತ್ತದೆ. 4ನೆಯದು ಕಲಾಪದ ಸರಿಯಾದ, ನಿಖರ ವರದಿಗೆ ರಕ್ಷಣೆ ಕೊಡುತ್ತದೆ. 2006ರ ತಿದ್ದುಪಡಿಯ ನಂತರ 13ನೇ ಕಲಮಿನಲ್ಲಿ, ಸಾರ್ವಜನಿಕ ಹಿತಕ್ಕಾಗಿ ಪ್ರಾಮಾಣಿಕವಾಗಿ ಹೇಳಿದ ಸತ್ಯವನ್ನು ಸಮರ್ಥನೆಯಾಗಿ ನ್ಯಾಯಾಲಯ ಪರಿಗಣಿಸಬಹುದು. ಅಪರಾಧವಾಗುವುದು ನ್ಯಾಯಾಲಯದ ಮೇಲಿನ ನಂಬಿಕೆಗೇ ಮಸಿ ಬಳಿಯುವುದು, ನಡೆಯುತ್ತಿರುವ ಪ್ರಕರಣಕ್ಕೆ ಅಡ್ಡಿ ಮಾಡುವುದು.

ಗೆರೆ ಎಲ್ಲಿ ಬಿತ್ತೆಂದು ಪ್ರಕರಣಗಳಿಂದಲೇ ಕಲಿಯಬೇಕು. ನ್ಯಾಯಾಧೀಶರು ವರ್ಗದ್ವೇಷದಿಂದ ತೀರ್ಪು ಕೊಡುತ್ತಾರೆಂಬ ಅರ್ಥದಲ್ಲಿ ಮಾತಾಡಿದ್ದಕ್ಕೆ ಕೇರಳದ ಮುಖ್ಯಮಂತ್ರಿಯಾಗಿದ್ದ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಅಪರಾಧವನ್ನು ಸುಪ್ರೀಂ ಕೋರ್ಟ್ 1970ರಲ್ಲಿ ಎತ್ತಿಹಿಡಿಯಿತು, ದಂಡವನ್ನು 50 ರೂಪಾಯಿಗೆ ಇಳಿಸಿತು. ಕೇಂದ್ರ ಕಾನೂನು ಸಚಿವ ಪಿ. ಶಿವಶಂಕರ್ 1987ರಲ್ಲಿ ಹೈದರಾಬಾದಿನಲ್ಲಿ ಸುಪ್ರೀಂ ಕೋರ್ಟ್ ಉಳ್ಳವರ ಪರ ಒಲವುಳ್ಳದ್ದು ಎಂಬರ್ಥದಲ್ಲಿ ಮಾತಾಡಿದ್ದು 1988ರಲ್ಲಿ ನಿಂದನೆಯಲ್ಲ ಎಂದಾಯಿತು. ಎರಡೂ ಮಾತು ಹತ್ತಿರ ಹತ್ತಿರವೇ. ಹಾಗಾಗಿ ಗೆರೆಯ ಅಂಚಿನಲ್ಲಿ ನಡೆಯುವ ಸಾಹಸ ಬೇಡ. ತೀರ್ಪಿನ ತರ್ಕದ ಮೇಲೆ ಎಷ್ಟು ಬೇಕಾದರೂ ಕಟುವಾಗಿರಿ, ಬರೆದವರ ಮನಸ್ಸಿನೊಳಕ್ಕೆ ಮಾತ್ರ ಹೋಗಬೇಡಿ. "ಸಾಕ್ಷಿ 7ರ ಹೇಳಿಕೆಯನ್ನು ತೀರ್ಪು ಚರ್ಚಿಸಿಯೇ ಇಲ್ಲ" ಎನ್ನಬಹುದು. "ಯಾರಿಗೋ ಹೆದರಿ ಬಿಟ್ಟರು" ಎನ್ನಲಾಗದು.

ಮರಕುಂಬಿಗೆ ಬರೋಣ. 2014ರ ಆಗಸ್ಟಿನಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ ಪ್ರಕರಣ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ವಿಧಿಸಿತು. ತೀರ್ಪಿನ ವಿರುದ್ಧ ಮೇಲ್ಮನವಿ ಧಾರವಾಡ ಪೀಠಕ್ಕೆ ಹೋಯಿತು. ಹೀಗೆ ಮೇಲ್ಮನವಿ ಬಾಕಿ ಇರುವಾಗ 'ಅಂತಿಮವಾಗಿ ತೀರ್ಮಾನವಾದ ಪ್ರಕರಣ' ಎಂಬ 5ನೇ ಕಲಮಿನ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂಬ ಚರ್ಚೆಯಿಂದ ವಕೀಲರು ದೂರವಿರಬೇಕು. ಆದರೆ ಹೇಳಲೇಬೇಕಾದದ್ದು ಬೇಕಾದಷ್ಟಿದೆ: ದೌರ್ಜನ್ಯ ತಡೆ ಕಾಯ್ದೆಗೆ ವಿಶೇಷ ನ್ಯಾಯಾಲಯ ಏಕೆ, ಒಂದೇ ತೀರ್ಪಿನಲ್ಲಿ ಇಷ್ಟು ಜನರ ಮೇಲೆ ಪ್ರತ್ಯೇಕವಾಗಿ ಸಾಕ್ಷ್ಯ ತೂಗುವುದು ಹೇಗೆ, ಮೇಲ್ಮನವಿ ಬಾಕಿ ಇರುವಾಗ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಟ್ಟರೆ ಅದು ಖುಲಾಸೆಯಲ್ಲ ಏಕೆ. ಈ ಕೊನೆಯದನ್ನು ಜನರಿಗೆ ತಿಳಿಸದೆ ಹೋದರೆ ಕೆಳಗಿನ ನ್ಯಾಯಾಲಯ ಶಿಕ್ಷೆ ಕೊಟ್ಟಾಗ ಒಂದು ಗುಂಪು, ಮೇಲಿನದು ಜಾಮೀನು ಕೊಟ್ಟಾಗ ಇನ್ನೊಂದು ಗುಂಪು ನ್ಯಾಯಾಲಯವನ್ನು ಶಪಿಸುತ್ತಾ ಕೂರುತ್ತದೆ.

ಪ್ರಶ್ನೆ: ನ್ಯಾಯಾಧೀಶರೊಬ್ಬರ ವಾಹನ ತಡೆದು ಘೋಷಣೆ ಕೂಗಿದರೆ ನಮ್ಮ ವಕೀಲರ ಸಂಘ ಏನು ಮಾಡಬಹುದು? ಕಲಾಪ ಬಹಿಷ್ಕಾರ ಎಂದರೆ ಎಲ್ಲರೂ ಬೇಗ ಒಪ್ಪುತ್ತಾರೆ, ಠರಾವು ಬರೆಯುವುದಕ್ಕೆ ಯಾರೂ ಕೂರುವುದಿಲ್ಲ. (ಸಂಘದ ಪದಾಧಿಕಾರಿ, ರಾಯಚೂರು ಜಿಲ್ಲೆ)

ನಿಮ್ಮ ಬೇಸರ ಅರ್ಥವಾಗುತ್ತದೆ ಸರ್. ಬಹಿಷ್ಕಾರ ಸುಲಭ. ಆದರೆ ಅದು ನ್ಯಾಯಾಲಯವನ್ನು ಕಾಯುವ ಹೆಸರಿನಲ್ಲಿ ನ್ಯಾಯಾಲಯದ ಬಾಗಿಲು ಮುಚ್ಚಿಸಿದಂತೆ. ಲಿಂಗಸುಗೂರಿನಿಂದ, ದೇವದುರ್ಗದಿಂದ ಬಸ್ ಹಿಡಿದು ಬಂದ ಕಕ್ಷಿದಾರ ಮುಂದಿನ ತಾರೀಖು ಹಿಡಿದು ವಾಪಸ್ ಹೋಗುತ್ತಾನೆ. ಅವನಿಗೆ ಯಾವ ಸ್ವಾತಂತ್ರ್ಯ ಉಳಿಯಿತೆಂದು ಹೇಳುವುದು?

ಸುಪ್ರೀಂ ಕೋರ್ಟ್ 2002ರ ಡಿಸೆಂಬರ್ 17ರಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ, ವಕೀಲರಿಗೆ ಮುಷ್ಕರ ಮಾಡುವ, ಬಹಿಷ್ಕಾರಕ್ಕೆ ಕರೆ ಕೊಡುವ ಹಕ್ಕಿಲ್ಲ, ಸಾಂಕೇತಿಕವಾಗಿಯೂ ಇಲ್ಲ ಎಂದಿತು. ಜನ ಇಷ್ಟನ್ನೇ ನೆನಪಿಟ್ಟುಕೊಂಡಿದ್ದಾರೆ. ಅದೇ ತೀರ್ಪು ಏನು ಮಾಡಬಹುದು ಎಂಬುದನ್ನೂ ಪಟ್ಟಿ ಮಾಡಿದೆ: ಪತ್ರಿಕಾ ಹೇಳಿಕೆ, ಟಿವಿ ಸಂದರ್ಶನ, ನ್ಯಾಯಾಲಯದ ಆವರಣದ ಹೊರಗೆ ಫಲಕ ಹಿಡಿಯುವುದು, ತೋಳಿಗೆ ಕಪ್ಪು, ಬಿಳಿ ಅಥವಾ ಯಾವುದೇ ಬಣ್ಣದ ಪಟ್ಟಿ, ಆವರಣದಿಂದ ದೂರದಲ್ಲಿ ಶಾಂತಿಯುತ ಮೆರವಣಿಗೆ, ಧರಣಿ, ಸರದಿ ಉಪವಾಸ. ವಕೀಲರ ಅಥವಾ ನ್ಯಾಯಪೀಠದ ಘನತೆ, ಪ್ರಾಮಾಣಿಕತೆ, ಸ್ವಾತಂತ್ರ್ಯವೇ ಅಪಾಯಕ್ಕೆ ಬಿದ್ದ ಅಪರೂಪದಲ್ಲಿ ಅಪರೂಪದ ಸಂದರ್ಭದಲ್ಲಿ ಒಂದು ದಿನಕ್ಕೆ ಮೀರದ ಗೈರನ್ನು ನ್ಯಾಯಾಲಯ ಕಂಡೂ ಕಾಣದಂತೆ ಬಿಡಬಹುದು. ಆದರೆ ಸಂಘದ ಅಧ್ಯಕ್ಷರು ಮೊದಲೇ ಮುಖ್ಯ ನ್ಯಾಯಮೂರ್ತಿಗಳ ಅಥವಾ ಜಿಲ್ಲಾ ನ್ಯಾಯಾಧೀಶರ ಜೊತೆ ಸಮಾಲೋಚಿಸಿರಬೇಕು, ಮತ್ತು ಸಂದರ್ಭ ಅಷ್ಟು ಅಪರೂಪದ್ದೇ ಎಂದು ತೀರ್ಮಾನಿಸುವುದು ನ್ಯಾಯಾಲಯವೇ.

ಠರಾವಿನ ಕೆಲಸ ಹೀಗೆ ಮಾಡಿ. ಬೈಲಾದಲ್ಲಿ ತುರ್ತು ಸಭೆಗೆ ಎಷ್ಟು ಸಮಯದ ನೋಟಿಸ್, ಕೋರಂ ಎಷ್ಟು ಎಂಬುದನ್ನು ಮೊದಲು ನೋಡಿ. ನೋಟಿಸಿನಲ್ಲಿ ವಿಷಯವನ್ನು ಬರೆಯಿರಿ, ಸಭೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ. ಕರಡನ್ನು ಒಬ್ಬರು ಬರೆಯಲಿ, ಆ ಪ್ರಕರಣದಲ್ಲಿ ವಕಾಲತ್ತು ಇಲ್ಲದವರು. ಪದಾಧಿಕಾರಿಗಳಿಗೆ ಆ ಪ್ರಕರಣದಲ್ಲಿ ವಕಾಲತ್ತಿದ್ದರೆ ಸಭೆಯಲ್ಲಿ ಹೇಳಿ ಹಿಂದೆ ಸರಿಯಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. ಮಾದರಿ ಇಲ್ಲಿದೆ:

"ದಿನಾಂಕ ..... ರಂದು ..... ಗಂಟೆಗೆ ನ್ಯಾಯಾಲಯದ ದ್ವಾರದ ಬಳಿ ಸುಮಾರು ..... ಜನರು ಸೇರಿ, ..... ಪ್ರಕರಣದ ಆದೇಶ ಹಿಂಪಡೆಯುವಂತೆ ನ್ಯಾಯಾಧೀಶರ ವಾಹನವನ್ನು ತಡೆದಿದ್ದಾರೆ. ಆದೇಶದ ಸರಿ ತಪ್ಪು ಮೇಲ್ಮನವಿ ನ್ಯಾಯಾಲಯಕ್ಕೆ ಬಿಟ್ಟದ್ದು, ಈ ಸಂಘ ಅದರ ಬಗ್ಗೆ ಅಭಿಪ್ರಾಯ ಹೇಳುವುದಿಲ್ಲ. ಆದೇಶ ಬದಲಿಸಲು ಬೀದಿಯಲ್ಲಿ ಒತ್ತಡ ಹಾಕುವುದನ್ನು ಸಂಘ ವಿರೋಧಿಸುತ್ತದೆ. ನ್ಯಾಯಾಧೀಶರಿಗೂ ಆವರಣಕ್ಕೂ ಸೂಕ್ತ ರಕ್ಷಣೆ ಕೊಡಬೇಕೆಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರನ್ನು ಕೋರುತ್ತದೆ. ಆದೇಶವನ್ನು ಒಪ್ಪದ ಯಾರಿಗೇ ಆದರೂ ಮೇಲ್ಮನವಿ ಸಲ್ಲಿಸಲು ವಕೀಲರ ನೆರವು ಸಿಗುವುದೆಂದು ಭರವಸೆ ನೀಡುತ್ತದೆ."

ಕೊನೆಯ ವಾಕ್ಯವನ್ನು ತೆಗೆಯಬೇಡಿ. ವಾಹನ ತಡೆದವರ ವಕಾಲತ್ತನ್ನು ಯಾರೂ ಹಾಕಬಾರದು ಎಂದು ಕೆಲವು ಸಂಘಗಳು ಠರಾವು ಮಾಡುತ್ತವೆ. ಅದು ವಕೀಲ ವೃತ್ತಿಗೇ ವಿರುದ್ಧ, ಮತ್ತು ನಿಮ್ಮ ಉಳಿದ ಮಾತನ್ನೆಲ್ಲ ಸುಳ್ಳು ಮಾಡುತ್ತದೆ.

ಪ್ರತಿಗಳನ್ನು ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ, ಅವರ ಮೂಲಕ ನಿಮ್ಮ ಜಿಲ್ಲೆಯ ಉಸ್ತುವಾರಿ ಹೊತ್ತ ಹೈಕೋರ್ಟಿನ ಆಡಳಿತಾತ್ಮಕ ನ್ಯಾಯಮೂರ್ತಿಗಳಿಗೆ, ಬೆಂಗಳೂರಿನಲ್ಲಿರುವ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್‌ಗೆ, ರಾಜ್ಯ ವಕೀಲರ ಪರಿಷತ್ತಿಗೆ, ಎಸ್‌ಪಿಯವರಿಗೆ ಕಳಿಸಿ. ಪತ್ರಿಕೆಗಳಿಗೆ ಅದರ ನಂತರ. ರಿಟ್ ಹಾಕುವ ಪ್ರಸಂಗ ಬಂದರೆ ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ. ಮೂರೂ ಜಿಲ್ಲೆಯ ಸಂಘಗಳು ಸೇರಿ ಹೇಳಿಕೆ ಕೊಡುವಾಗ ಇದನ್ನು ಮರೆತು ಎಲ್ಲವನ್ನೂ ಒಂದೇ ಕಡೆ ಕಳಿಸುವುದುಂಟು.

ಕೆಡುವುದು ಎಲ್ಲಿ? 400 ಸದಸ್ಯರ ಸಂಘದಲ್ಲಿ 12 ಜನ ಕೂತು "ಸರ್ವಾನುಮತದಿಂದ" ಎಂದು ಬರೆಯುವುದು ಒಂದು. "ಉಗ್ರವಾಗಿ ಖಂಡಿಸುತ್ತದೆ" ಎಂದು ಬರೆದು ಯಾರಿಂದ ಏನು ಬೇಕೆಂಬುದನ್ನೇ ಬಿಡುವುದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು, ಅದೇ ಸಭೆಯಲ್ಲಿ ಅದೇ ನ್ಯಾಯಾಧೀಶರ ಬಗೆಗಿನ ಹಳೆಯ ದೂರನ್ನೂ ಸೇರಿಸುವುದು. ದೂರಿಗೆ ಬೇರೆ ದಾರಿಯಿದೆ: ನಿಂದನೆ ಅಧಿನಿಯಮದ 6ನೇ ಕಲಮಿನಂತೆ ಸದುದ್ದೇಶದಿಂದ ಹೈಕೋರ್ಟಿಗೆ ಸಲ್ಲಿಸುವ ದೂರು ನಿಂದನೆಯಲ್ಲ. ಅದಕ್ಕೆ ಪ್ರಮಾಣಪತ್ರ, ದಾಖಲೆ ಇರಲಿ, ಮುಚ್ಚಿದ ಲಕೋಟೆಯಲ್ಲಿ ಹೋಗಲಿ. ಉತ್ತರ ಪ್ರದೇಶದ ಮುಜಫ್ಫರ್‌ನಗರ ವಕೀಲರ ಸಂಘ ಇಬ್ಬರು ಅಧಿಕಾರಿಗಳ ವಿರುದ್ಧ ಮಾಡಿದ ಠರಾವು ಸುಪ್ರೀಂ ಕೋರ್ಟಿನವರೆಗೆ ಹೋಗಿ 1953ರಲ್ಲಿ ಬಿಡುಗಡೆ ಸಿಕ್ಕಿತು. ಅವರನ್ನು ಕಾಪಾಡಿದ ಸಂಗತಿಗಳಲ್ಲಿ ಮುಖ್ಯವಾದದ್ದು, ಅದನ್ನು ಗೋಪ್ಯವಾಗಿ ಮೇಲಧಿಕಾರಿಗಳಿಗೆ ಮಾತ್ರ ಕಳಿಸಿದ್ದು, ಊರಿಗೆಲ್ಲ ಸಾರದೆ ಇದ್ದದ್ದು. ಸಮರ್ಥನೆ ಬಹಿರಂಗವಾಗಿರಲಿ, ದೂರು ಗೋಪ್ಯವಾಗಿರಲಿ.

ಇಂಥ ಧ್ವನಿಗೆ ಫಲವಿದೆಯೇ ಎಂದು ನಿಮ್ಮ ಸದಸ್ಯರು ಕೇಳಿದರೆ ಗುಜರಾತಿನ ನಡಿಯಾದ್ ಪ್ರಕರಣ ಹೇಳಿ. 1989ರಲ್ಲಿ ಅಲ್ಲಿನ ಮುಖ್ಯ ನ್ಯಾಯಿಕ ದಂಡಾಧಿಕಾರಿಯನ್ನು ಪೊಲೀಸರೇ ಹೊಡೆದು, ಬೇಡಿ ಹಾಕಿ, ಹಗ್ಗದಿಂದ ಕಟ್ಟಿದ್ದರು. ನ್ಯಾಯಾಧೀಶರ ಮತ್ತು ವಕೀಲರ ಸಂಘಗಳು ಸುಪ್ರೀಂ ಕೋರ್ಟಿಗೆ ಹೋದವು. 1991ರಲ್ಲಿ ತಪ್ಪಿತಸ್ಥ ಪೊಲೀಸರಿಗೆ ಶಿಕ್ಷೆಯಾಯಿತು, ನ್ಯಾಯಾಧೀಶರನ್ನು ಬಂಧಿಸುವಾಗ ಪಾಲಿಸಬೇಕಾದ ನಿಯಮಗಳು ಬಂದವು.

ಪ್ರಶ್ನೆ: ಒಳ್ಳೆ ತೀರ್ಪು ಕೊಟ್ಟ ಸಾಹೇಬರು ಕೆಲವು ತಿಂಗಳಲ್ಲೇ ವರ್ಗವಾದರು. "ಅದಕ್ಕೇ ಎತ್ತಂಗಡಿ" ಎಂದು ಊರೆಲ್ಲ ಮಾತು. ವಕೀಲರು ಯಾಕೆ ಪ್ರತಿಭಟಿಸುವುದಿಲ್ಲ? (ನಿವೃತ್ತ ಶಿಕ್ಷಕರು, ಕುಷ್ಟಗಿ)

ಗುರುಗಳೇ, ಪ್ರತಿಭಟಿಸುವ ಮೊದಲು ಮೂರು ಸಂಗತಿ ತಿಳಿಯಬೇಕು. ವರ್ಗಾವಣೆ ಮಾಡಿದ್ದು ಯಾರು? ಆ ಸ್ಥಳದಲ್ಲಿ ಅವರು ಎಷ್ಟು ಕಾಲ ಇದ್ದರು? ಅವರೊಬ್ಬರದೇ ಆದೇಶವೋ, ಉದ್ದ ಪಟ್ಟಿಯಲ್ಲಿ ಒಂದು ಹೆಸರೋ? ಜಿಲ್ಲಾ, ತಾಲ್ಲೂಕು ನ್ಯಾಯಾಧೀಶರನ್ನು ವರ್ಗಾಯಿಸುವುದು ಸರ್ಕಾರವಲ್ಲ, ಹೈಕೋರ್ಟ್. ಸಾಮಾನ್ಯ ವರ್ಗಾವಣೆ ಬೇಸಿಗೆ ರಜೆಯ ಸುಮಾರಿಗೆ ನೂರಾರು ಹೆಸರಿನ ಪಟ್ಟಿಯಾಗಿ ಬರುತ್ತದೆ, ಹೈಕೋರ್ಟಿನ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಪಟ್ಟಿಯಲ್ಲಿ ಹೆಸರಿದ್ದು ಅವಧಿ ಮುಗಿದಿದ್ದರೆ "ಎತ್ತಂಗಡಿ" ಎಂಬ ಮಾತನ್ನು ವಕೀಲರೇ ಅಲ್ಲಗಳೆಯಬೇಕು. ಆ ಸುದ್ದಿ ಉಳಿದರೆ ಮುಂದೆ ಬರುವವರು ಮೊದಲ ದಿನದಿಂದಲೇ "ಯಾರೋ ಕಳಿಸಿದವರು" ಎನಿಸಿಕೊಳ್ಳುತ್ತಾರೆ.

ಅವಧಿಯ ನಡುವೆ, ಒಂಟಿಯಾಗಿ, ಗಟ್ಟಿ ತೀರ್ಪಿನ ಬೆನ್ನಿಗೇ ಆದೇಶ ಬಂದಿದ್ದರೆ ಆಗ ಪ್ರಶ್ನೆ ಕೇಳುವುದು ವಕೀಲರ ಕರ್ತವ್ಯ. ಕೇಳಬೇಕಾದದ್ದು ಆರೋಪವಾಗಿ ಅಲ್ಲ, ಮನವಿಯಾಗಿ: ಭಾಗಶಃ ವಿಚಾರಣೆ ಮುಗಿದ ಇಷ್ಟು ಪ್ರಕರಣಗಳಿವೆ, ಅವುಗಳ ಗತಿಯೇನು, ವರ್ಗಾವಣೆಯನ್ನು ಮರುಪರಿಶೀಲಿಸಬಹುದೇ ಎಂದು.

ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆ ಬೇರೆ, ಅದು ಸಂವಿಧಾನದ 222ನೇ ವಿಧಿ. ಅಲ್ಲಿ ಚರಿತ್ರೆಯ ಗಾಯವಿದೆ. 1976ರಲ್ಲಿ ತುರ್ತು ಪರಿಸ್ಥಿತಿಯ ಬಂಧನ ಪ್ರಕರಣಗಳನ್ನು ಕೇಳಿದ್ದ ಕರ್ನಾಟಕ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ ಹೋಗಬೇಕಾಯಿತು. ಅದಕ್ಕೂ ಮೊದಲು 1973ರ ಏಪ್ರಿಲ್‌ನಲ್ಲಿ, ಕೇಶವಾನಂದ ಭಾರತಿ ತೀರ್ಪಿನ ಮರುದಿನವೇ, ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ಮೂವರಲ್ಲಿ ನಮ್ಮ ಕೆ.ಎಸ್. ಹೆಗ್ಡೆ ಒಬ್ಬರು, ಮೂವರೂ ರಾಜೀನಾಮೆ ಕೊಟ್ಟರು. 1981ರಲ್ಲಿ ಬೇರೆ ರಾಜ್ಯದ ಹೈಕೋರ್ಟಿಗೆ ಹೋಗಲು ಹೆಚ್ಚುವರಿ ನ್ಯಾಯಮೂರ್ತಿಗಳ ಒಪ್ಪಿಗೆ ಪತ್ರ ಕೇಳಿ ಕೇಂದ್ರ ಕಾನೂನು ಸಚಿವರು ಸುತ್ತೋಲೆ ಹೊರಡಿಸಿದಾಗ ವಕೀಲರೇ ನ್ಯಾಯಾಲಯಕ್ಕೆ ಹೋದರು. ಆ ವರ್ಷದ ಡಿಸೆಂಬರ್ 30ರ ಎಸ್.ಪಿ. ಗುಪ್ತಾ ತೀರ್ಪಿನಲ್ಲಿ ಅವರ ವಾದ ಪೂರ್ತಿ ಗೆಲ್ಲಲಿಲ್ಲ. ಆದರೆ ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದರೆ ಪ್ರಶ್ನಿಸುವ ಹಕ್ಕು ವಕೀಲರಿಗೆ ಇದೆ ಎಂದು ಏಳು ನ್ಯಾಯಮೂರ್ತಿಗಳ ಪೀಠ ಒಪ್ಪಿತು. ನಿಮ್ಮ ಪ್ರಶ್ನೆಗೆ ಕಾನೂನಿನ ಆಧಾರ ಅಲ್ಲಿದೆ.

ಪ್ರಶ್ನೆ: ಕನ್ನಡದಲ್ಲಿ ತೀರ್ಪುಗಳನ್ನು ವಿವರಿಸುವ ಸಣ್ಣ ವಿಡಿಯೊ ಮಾಡಬೇಕೆಂದಿದ್ದೇನೆ. ಏನು ಎಚ್ಚರ ಬೇಕು? (ವಕೀಲೆ, ಸಂಡೂರು)

ಮಾಡಿ ತಂಗಿ, ಇದರ ಕೊರತೆ ನಮ್ಮ ಕಡೆ ಬಹಳ ಇದೆ. ನಿಮ್ಮೂರಿನ ಸಂಗತಿಯನ್ನೇ ನೋಡಿ: 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಕೂಲಿ ನಿಂತಿತು. "ದಿಲ್ಲಿಯಾಗ ಕುಂತವ್ರಿಗೆ ನಮ್ಮ ಹೊಟ್ಟಿ ಗೊತ್ತೇನು" ಎನ್ನುವ ಸಿಟ್ಟು ನ್ಯಾಯವಾದದ್ದೇ. ಆ ಆದೇಶ ಏಕೆ ಬಂತು, ನಂತರ ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ಹೇಗೆ ವಿಂಗಡಿಸಿದರು, 2013ರ ಏಪ್ರಿಲ್‌ನಲ್ಲಿ ಸಿ ವರ್ಗದ ಗುತ್ತಿಗೆಗಳು ಏಕೆ ರದ್ದಾದವು, ಬಳ್ಳಾರಿಗೆ ಮೊದಲು ವರ್ಷಕ್ಕೆ 250 ಲಕ್ಷ ಟನ್ ಮಿತಿ ಹಾಕಿ, ಹಂತ ಹಂತವಾಗಿ ಏರಿಸಿ 2022ರಲ್ಲಿ ಅದನ್ನು 350 ಲಕ್ಷಕ್ಕೆ ಏಕೆ ತಂದರು ಎಂಬುದನ್ನು ಕಾರ್ಮಿಕರ ಓಣಿಯಲ್ಲಿ ಕೂತು ಹೇಳುವವರು ಬೇಕಿತ್ತು. ಸಿಟ್ಟನ್ನು ಮೊದಲು ಒಪ್ಪಿಕೊಳ್ಳಿ, ನಷ್ಟವಾಗಿದೆ ಎನ್ನಿ, ಆಮೇಲೆ ಕಾರಣಕ್ಕೆ ಬನ್ನಿ. ತಿರುಗಿಸಿ ಹೇಳಿದರೆ ಯಾರೂ ಕೊನೆವರೆಗೆ ನೋಡುವುದಿಲ್ಲ.

ಎಚ್ಚರದ ಮಾತು. ಹೈಕೋರ್ಟಿನ ನೇರಪ್ರಸಾರದ ತುಣುಕು ಕತ್ತರಿಸಿ ಹಾಕಬೇಡಿ. 2022ರ ಜನವರಿ 1ರಿಂದ ಜಾರಿಯಲ್ಲಿರುವ ಕರ್ನಾಟಕದ ನಿಯಮಗಳು ಅನುಮತಿಯಿಲ್ಲದೆ ಅದನ್ನು ರೆಕಾರ್ಡ್ ಮಾಡಿ ಹಂಚುವುದನ್ನು ನಿಷೇಧಿಸಿವೆ. ವಿಚಾರಣೆಯ ವೇಳೆ ನ್ಯಾಯಮೂರ್ತಿಗಳು ಕೇಳಿದ ಪ್ರಶ್ನೆಯನ್ನು "ಹೈಕೋರ್ಟ್ ಛೀಮಾರಿ" ಎಂದು ಶೀರ್ಷಿಕೆ ಹಾಕಬೇಡಿ. ವಾದ ಪರೀಕ್ಷಿಸಲು ಕೇಳಿದ ಪ್ರಶ್ನೆ ಆದೇಶವಲ್ಲ, ಎಷ್ಟೋ ಸಲ ಆದೇಶ ಅದಕ್ಕೆ ಉಲ್ಟಾ ಬರುತ್ತದೆ. ಲೈಂಗಿಕ ಅಪರಾಧದ ಸಂತ್ರಸ್ತೆಯ, ಮಕ್ಕಳ ಗುರುತು ಸಿಗುವ ಊರು, ಶಾಲೆ, ಬಂಧುಗಳ ಹೆಸರು ಬೇಡ. ನಿಮ್ಮ ಮೊಬೈಲ್ ಸಂಖ್ಯೆ, ಕಚೇರಿ ವಿಳಾಸ, "ಇಂಥ ಕೇಸಿಗೆ ಸಂಪರ್ಕಿಸಿ" ಎಂಬುದು ಬಂದರೆ ನಿಯಮ 36 ಮತ್ತೆ ಎದುರಾಗುತ್ತದೆ.

ಪದಗಳಲ್ಲಿ ಹೆಚ್ಚು ಗೊಂದಲ ಮಾಡುವುದು ಖುಲಾಸೆ, ಬಿಡುಗಡೆ, ಜಾಮೀನು, ತಡೆಯಾಜ್ಞೆ. ಇವುಗಳಿಗೆ ಮೊದಲ ನಾಲ್ಕು ವಿಡಿಯೊ ಮೀಸಲಿಡಿ. ಮೂರು ನಿಮಿಷ ದಾಟಬೇಡಿ. ಬಳ್ಳಾರಿ, ರಾಯಚೂರಿನಲ್ಲಿ ತೆಲುಗು, ಉರ್ದು ಮನೆಮಾತಿನವರು ಬಹಳ, ಆ ಭಾಷೆ ಬಲ್ಲ ವಕೀಲ ಗೆಳತಿಯರಿಂದ ಅದನ್ನೇ ಹೇಳಿಸಿ. ತಪ್ಪಾದರೆ ಸುಮ್ಮನೆ ಅಳಿಸದೆ ಅದೇ ಜಾಗದಲ್ಲಿ ತಿದ್ದುಪಡಿ ಹಾಕಿ.

ಪ್ರಶ್ನೆ: ಇಷ್ಟೆಲ್ಲ ಎಚ್ಚರವಹಿಸಿಯೂ ನಿಂದನೆಯ ನೋಟಿಸ್ ಬಂದರೆ? (ಹೆಸರು, ಊರು ಬೇಡ ಎಂದಿದ್ದಾರೆ)

ತಾಲ್ಲೂಕು, ಜಿಲ್ಲಾ ನ್ಯಾಯಾಲಯದ ಕ್ರಿಮಿನಲ್ ನಿಂದನೆಯನ್ನು ಸ್ವತಃ ಆ ನ್ಯಾಯಾಲಯ ವಿಚಾರಿಸುವುದಿಲ್ಲ. ಅದು ಕಳಿಸಿದ ಉಲ್ಲೇಖದ ಮೇಲೆ ಅಥವಾ ಅಡ್ವೊಕೇಟ್ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲರು) ಅರ್ಜಿಯ ಮೇಲೆ ಹೈಕೋರ್ಟ್ ವಿಚಾರಿಸುತ್ತದೆ. ಹೈಕೋರ್ಟಿನದೇ ನಿಂದನೆಯಾದರೆ ಖಾಸಗಿಯವರು ಅರ್ಜಿ ಹಾಕಲು ಅಡ್ವೊಕೇಟ್ ಜನರಲ್ ಅವರ ಲಿಖಿತ ಒಪ್ಪಿಗೆ ಬೇಕು. ನಿಂದನೆ ನಡೆದಿದೆ ಎನ್ನಲಾದ ದಿನದಿಂದ ಒಂದು ವರ್ಷ ಕಳೆದರೆ 20ನೇ ಕಲಮು ಅಡ್ಡ ಬರುತ್ತದೆ. ಗರಿಷ್ಠ ಶಿಕ್ಷೆ 6 ತಿಂಗಳ ಸಾದಾ ಸೆರೆ, 2000 ರೂಪಾಯಿ ದಂಡ, ಅಥವಾ ಎರಡೂ.

ನೋಟಿಸ್ ಬಂದ ದಿನ ನೀವು ಬರೆದದ್ದರ ಪೂರ್ಣ ಪ್ರತಿ, ದಿನಾಂಕ ಸಹಿತ, ಮತ್ತು ನೀವು ಆಧರಿಸಿದ ಆದೇಶದ ದೃಢೀಕೃತ ನಕಲು ಎರಡನ್ನೂ ತೆಗೆದಿಡಿ. ಪೋಸ್ಟ್ ಅಳಿಸುವ ಮೊದಲು ನಿಮ್ಮ ವಕೀಲರನ್ನು ಕೇಳಿ. ನಿಜವಾಗಿ ತಪ್ಪಾಗಿದ್ದರೆ ಮೊದಲ ತಾರೀಖಿನಲ್ಲೇ ಷರತ್ತಿಲ್ಲದ ಕ್ಷಮೆ ಕೇಳಿ. "ಯಾರಿಗಾದರೂ ನೋವಾಗಿದ್ದರೆ" ಎಂದು ಆರಂಭವಾಗುವ ಕ್ಷಮೆಯನ್ನು ನ್ಯಾಯಾಲಯ ಒಪ್ಪುವುದು ಕಷ್ಟ. ತಪ್ಪಾಗಿಲ್ಲವೆಂದು ದಾಖಲೆ ಹೇಳುತ್ತಿದ್ದರೆ 5 ಮತ್ತು 13ನೇ ಕಲಮಿನ ಮೇಲೆ ನಿಂತು ವಾದಿಸಿ, ಅದನ್ನೂ ನ್ಯಾಯಾಲಯದೊಳಗೆ. ಆ ಪ್ರಕರಣ ನಡೆಯುವಷ್ಟು ಕಾಲ ಅದರ ಬಗ್ಗೆ ಹೊರಗೆ ನೀವು ಮಾತಾಡಬೇಡಿ. ನಿಮ್ಮ ಪರವಾಗಿ ಮಾತಾಡಲು ಇನ್ನೊಬ್ಬ ವಕೀಲರು ಇರಲಿ.